ಹಾಲಿಲ್ಲದ ಸುರಕುಂಬಾ

ನನ್ನ ಕೈಗಳು ಬೆಳಿಗ್ಗೆ ನನಗಿಂತ ತಡವಾಗಿ ಏಳುತ್ತವೆ. ನಾನು ಎದ್ದು ಗಾದಿಯ ಮೇಲೆ ಕೂತು ಕಿಟಕಿಯ ಬೆಳಕು ನೋಡುತ್ತಿದ್ದರೂ ಬೆರಳುಗಳು ಇನ್ನೂ ಕಟ್ಟಿಗೆ ತುಂಡಿನ ಹಾಗೆ ಬಿದ್ದಿರುತ್ತವೆ. ಬಿಸಿನೀರಿನಲ್ಲಿ ಅದ್ದಿ, ಒಂದೊಂದಾಗಿ ಮಡಚಿ ಬಿಚ್ಚಿದ ಮೇಲೆ ಅವು ನನ್ನವಾಗುತ್ತವೆ. ಸಂಧಿವಾತ ಎಂದು ವಿಜಯಪುರದ ಡಾಕ್ಟರು ಹೇಳಿ ಕೆಲವು ವರ್ಷಗಳಾದವು. ಇದು ಪೂರಾ ಹೋಗುವ ರೋಗವಲ್ಲ, ಇದರ ಜೊತೆ ಹೊಂದಿಕೊಂಡೇ ಇರಬೇಕು ಎಂದೂ ಹೇಳಿದರು. ಆಮೇಲೆ ಹೊಟ್ಟೆಯೂ ಕೈಕೊಟ್ಟಿತು. ಹಾಲು ಒಳಗೆ ಹೋದರೆ ಹೊಟ್ಟೆ ಹಿಂಡಿ ಹಾಸಿಗೆ ಹಿಡಿಸುತ್ತಿತ್ತು. ಪರೀಕ್ಷೆ ಮಾಡಿಸಿದ ಮೇಲೆ ಡಾಕ್ಟರು, "ಅಕ್ಕೋರ, ಹಾಲು ನಿಮಗ ಆಗಿಬರೂದಿಲ್ಲ. ಹಾಲಿನಿಂದ ಆಗಿದ್ದು ಯಾವುದೂ ಬ್ಯಾಡ" ಎಂದು ಕೈತೊಳೆದುಕೊಂಡರು.

ನಮ್ಮ ಕಡೆ ಇದು ಸಣ್ಣ ಮಾತಲ್ಲ. ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ ಹಿಂಡಿಗೆ ಮೊಸರು ಬೇಕು, ಜೋಳದ ನುಚ್ಚಿಗೆ ಮಜ್ಜಿಗೆ ಬೇಕು, ಹೋಳಿಗೆಗೆ ತುಪ್ಪ ಬೇಕು. ಹಾಲಿಲ್ಲದ ಚಹಾ ಕೊಟ್ಟರೆ ಈ ಮನೆಯವರು ನಮ್ಮ ಮೇಲೆ ಸಿಟ್ಟಾಗಿದ್ದಾರೆ ಎಂದು ಬಂದವರು ಎದ್ದುಹೋಗುವ ಸೀಮೆ ಇದು. ಇಂಥಲ್ಲಿ ನಾನು ಹಾಲು ಬಿಟ್ಟು, ಕೈನೋವು ಇಟ್ಟುಕೊಂಡು, ಅಡಿಗೆಯನ್ನೂ ಮಾಡಿ, ಪಾಠ ಹೇಳಲು ಸಾಲಿಗೂ ಹೋಗಬೇಕಿತ್ತು.

ನಾನು ಇಂಡಿ ಊರಿನ ಗಾದಿ ಹಾಕುವವರ ಮನೆಯವಳು. ಅಪ್ಪ ಓಣಿ ಓಣಿ ತಿರುಗಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಅವ್ವನ ಕೂದಲಲ್ಲಿ ಯಾವಾಗ ನೋಡಿದರೂ ಹತ್ತಿಯ ಎಳೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹತ್ತಿ ಧೂಳಿನಲ್ಲಿ ಕೂತು ಲೆಕ್ಕ ಬಿಡಿಸಿ ಬಿ.ಎಸ್ಸಿ. ಮುಗಿಸಿದೆ, ಬಿ.ಇಡಿ. ಮುಗಿಸಿದೆ, ಸಿಂದಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನೌಕರಿ ಹಿಡಿದೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಕೇಳದಿದ್ದರೂ ಹೇಳುತ್ತೇನೆ. ಆ ನೌಕರಿ ಒಂದು ಸಲ ಕೈತಪ್ಪಿ ಹೋಗುವುದರಲ್ಲಿತ್ತು. ಆ ಹೊತ್ತಿನಲ್ಲಿ ನನ್ನ ಅತ್ತೆ ಏನು ಮಾಡಿದರು ಎಂಬುದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಇತ್ತು.

ಶುರುವಾದದ್ದು ಬಸವನ ಬಾಗೇವಾಡಿಯಲ್ಲಿ, ನನ್ನ ದೊಡ್ಡ ನಣಂದಿಯ, ಅಂದರೆ ಗಂಡನ ಅಕ್ಕನ, ಮನೆಯ ಲಗ್ನದಲ್ಲಿ. ನಾನು ಅಲ್ಲಿ ಬೀಗರಿಗೆ ಚಹಾ ಒಯ್ಯುತ್ತಿದ್ದೆ. ತಟ್ಟೆಯ ತುಂಬ ಕಪ್ಪುಗಳು. ಪಡಸಾಲೆಯ ನಡುವೆ ಬಂದಾಗ ಮುಂಗೈಯಲ್ಲಿ ಒಂದು ಸಳಕು ಬಂತು, ಬೆರಳು ಬಿಚ್ಚಿಕೊಂಡವು. ಕಪ್ಪು, ಬಸಿ, ಚಹಾ ಎಲ್ಲ ಬೀಗರ ಜಮಖಾನೆಯ ಮೇಲೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರೂ ನನ್ನ ಕೈ ನೋಡಿದರು.

ಸಂಜೆ ನಣಂದಿ ನನ್ನನ್ನು ಒಳಕೋಣೆಗೆ ಕರೆದಳು. ಆಕೆಗೆ ನನ್ನ ಮೇಲೆ ಪ್ರೀತಿ ಇದೆ, ಆದರೆ ಆಕೆಯ ಪ್ರೀತಿಗೆ ಯಾವಾಗಲೂ ಮುಳ್ಳಿರುತ್ತದೆ. ನಾನು ಲಗ್ನವಾಗಿ ಬಂದ ದಿನದಿಂದ ನನ್ನನ್ನು ಕರೆಯುವುದೇ "ಡಿಗ್ರಿ" ಎಂದು.

"ಏ ಡಿಗ್ರಿ, ಬಾ ಇಲ್ಲೆ ಕುಂದ್ರು. ಕೈ ತೋರಿಸು."

ತೋರಿಸಿದೆ. ಗೆಣ್ಣುಗಳು ಬಾತಿದ್ದವು.

"ಇದ ಕೈಲೆ ರೊಟ್ಟಿ ಬಡೀತಿ, ಇದ ಕೈಲೆ ಹಲಗಿ ಮ್ಯಾಲ ಬರೀತಿ. ಎರಡರಾಗ ಒಂದು ಬಿಡಬೇಕಾಗತೈತಿ. ರೊಟ್ಟಿ ಅಂತೂ ಬಿಡಾಕ ಬರೂದಿಲ್ಲ."

"ಅಂದ್ರ ನೌಕರಿ ಬಿಡು ಅಂತೀರೇನ್ರಿ ಆಪಾ?"

"ನಾ ಎಲ್ಲಿ ಅಂದೆ? ನಿನ್ನ ಕೈ ಅನ್ನಾಕತ್ತಾವು. ರಮಜಾನ್ ಹಬ್ಬಕ್ಕ ನಾವೆಲ್ಲಾ ಸಿಂದಗಿಗೆ ಬರ್ತೇವಿ. ಅವತ್ತ ಕುಂತು ಒಂದು ತೀರ್ಮಾನ ಮಾಡೂಣು. ಅಲ್ಲಿತನಕ ಅವ್ವ ನಿನ್ನ ಹತ್ರ ಇರ್ಲಿ. ಆಮ್ಯಾಲ ಗಂಡ ಹೆಂಡತಿ ಇಬ್ಬರೂ ಅವ್ವನ ಸಂಗಾಟ ಮುದ್ದೇಬಿಹಾಳದ ಮನಿಗೆ ಹೋಗ್ರಿ. ಅವ್ವ ಬೇಯಿಸಿ ಹಾಕ್ತಾಳ, ನೀ ಕೈ ಮಡಚಿ ಕುಂದ್ರು."

ನನ್ನ ಗಂಡನದು ಮೋಟಾರು ರಿಪೇರಿ ಅಂಗಡಿ. ಬೋರ್‌ವೆಲ್ ಇರುವ ಊರಲ್ಲೆಲ್ಲ ನಡೆಯುವ ಉದ್ಯೋಗ, ಮುದ್ದೇಬಿಹಾಳದಲ್ಲೂ ನಡೆಯುತ್ತದೆ. ಮಗಳು ವಸತಿ ಶಾಲೆಯಲ್ಲಿದ್ದಾಳೆ, ಅವಳಿಗೂ ತೊಂದರೆ ಇಲ್ಲ. ಸಿಂದಗಿಗೆ ಕಟ್ಟಿಬಿದ್ದವಳು ನಾನೊಬ್ಬಳೇ. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು, ಅದಕ್ಕೇ ಜಗಳ ಮಾಡಲೂ ಬರಲಿಲ್ಲ. "ಹಬ್ಬ ಬರ್ಲಿ ತಗೋರಿ" ಎಂದು ಎದ್ದುಬಂದೆ. ಬಸ್ಸಿನಲ್ಲಿ ಗಂಡ, "ಅವ್ವ ಬರ್ಲಿ, ನೋಡೂಣು" ಎಂದ. ಅವನಿಗೆ ಯಾವ ಮಾತಿಗೂ ಇದೇ ಉತ್ತರ.

ಅತ್ತೆ ಬರುವುದೆಂದರೆ ನನಗೆ ಅಂಜಿಕೆ ಇತ್ತು. ಮುದ್ದೇಬಿಹಾಳದ ಓಣಿಯಲ್ಲಿ ಅವರ ದನಿ ಕೇಳಿದರೆ ಸೈಕಲ್ಲಿನವರು ಇಳಿದು ನಡೆಯುತ್ತಾರೆ. ಎಮ್ಮೆ ಕಟ್ಟಿ, ಹಾಲು ಮಾರಿ ಮಕ್ಕಳನ್ನು ಸಾಕಿದವರು. ಅವರ ಲೆಕ್ಕದಲ್ಲಿ ಎಮ್ಮೆ ಹಾಲು ಔಷಧ. ನನ್ನ ಹೊಟ್ಟೆಯ ಸುದ್ದಿಯನ್ನು ಮೊದಲ ಸಲ ಕೇಳಿದಾಗ, "ಎಮ್ಮಿ ಹಾಲು ಕುಡಿದು ಯಾರರ ಕೆಡ್ತಾರೇನು? ಪಾಕೀಟಿನ ಹಾಲು ಕುಡಿದಿರಬೇಕು" ಎಂದಿದ್ದರು.

ರಮಜಾನ್ ಶುರುವಾಗುವ ಮುಂಚಿನ ದಿನ ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ ಬಂದರು. ಚೀಲದಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಗಂಟು ಕುಸುಬಿ, ತಳದಲ್ಲಿ ಒಂದು ಡಬ್ಬಿ ತುಪ್ಪ. ತುಪ್ಪವನ್ನು ನನ್ನ ಗಂಡನಿಗೆ ಅಂತ ತಂದಿದ್ದಾರೆ ಎಂದುಕೊಂಡು ಸುಮ್ಮನಾದೆ.

ಮೊದಲ ವಾರ ಅತ್ತೆ ಮಾಡಿದ ಬ್ಯಾಳಿ ಸಾರು ಬಹಳ ರುಚಿಯಾಗಿತ್ತು. ಆ ವಾರದಲ್ಲೇ ನಾನು ಮಲಗಿದೆ. ಹೊಟ್ಟೆ ಹಿಡಿದುಕೊಂಡು, ಅದರ ಸಂಗಡ ಕೀಲುಗಳೂ ಸಿಟ್ಟಿಗೆದ್ದು, ಸಾಲಿಗೆ ರಜೆ ಹಾಕಿ ಬಿದ್ದುಕೊಂಡೆ. ಗಂಡ ಬ್ಯಾಳಿಯ ಬೋಗಾಣಿಯನ್ನು ಮೂಗಿನ ಹತ್ತಿರ ಹಿಡಿದ.

"ಅವ್ವಾ, ಇದರಾಗ ತುಪ್ಪ ಹಾಕೀಯೇನು?"

"ಹಾಕೇನಿ. ದಿನಾ ಹಾಕೇನಿ. ಕೈಗೆ ಬಲ ಬರ್ಲಿ ಅಂತ ಹಾಕೇನಿ."

"ಡಾಕ್ಟರ್ ಬ್ಯಾಡ ಅಂದಾರಲ್ಲ!"

"ಹಾಲು ಬ್ಯಾಡ ಅಂದಾನ. ತುಪ್ಪ ಎಲ್ಲಿ ಹಾಲು? ಕಾಸಿದಾಗ ಹಾಲಿಂದೆಲ್ಲಾ ಸುಟ್ಟು ಹೋಗಿರತೈತಿ."

ಅದು ಅವರೊಬ್ಬರ ತಪ್ಪಲ್ಲ. ನಮ್ಮ ಕಡೆಯ ಯಾವ ಹಿರಿಯ ಹೆಂಗಸನ್ನು ಕೇಳಿದರೂ ತುಪ್ಪವನ್ನು ಹಾಲಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಣಂತಿಗೆ ತುಪ್ಪ, ಮುದುಕರಿಗೆ ತುಪ್ಪ, ಸಿಟ್ಟಾದವರಿಗೆ ತುಪ್ಪ. ಪ್ರೀತಿಯನ್ನು ಬಾಯಲ್ಲಿ ಹೇಳುವುದು ನಮಗೆ ಬರುವುದಿಲ್ಲ, ಚಮಚದಲ್ಲಿ ಹಾಕುತ್ತೇವೆ. ಅಷ್ಟಾದರೂ ಅತ್ತೆ ಅವತ್ತು ನನ್ನ ಕಾಲ ಹತ್ತಿರ ಬಂದು ಕೂತರು. ತಪ್ಪಾಯಿತು ಎಂದು ಹೇಳಲಿಲ್ಲ, ಹೇಳುವವರೂ ಅಲ್ಲ. ನನ್ನ ಅಂಗಾಲು ತಿಕ್ಕುತ್ತ ಕೇಳಿದರು:

"ಆ ಡಾಕ್ಟರ್ ಏನೇನ ಬ್ಯಾಡ ಅಂದ? ಒಂದೊಂದ ಹೇಳು. ಗಣಿತ ಕಲಿಸಿದಂಗ ಹೇಳು."

ಹೇಳಿದೆ. ಹಾಲು, ಕೆನೆ, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಖವಾ, ಪೇಢೆ. ಪ್ರತಿಯೊಂದಕ್ಕೂ "ಹ್ಞೂಂ" ಎಂದರು. ಮಜ್ಜಿಗೆಗೆ ಮಾತ್ರ "ಮಜ್ಜಿಗೀನೂ?" ಎಂದು ಒಂದು ಕ್ಷಣ ಕೈ ನಿಲ್ಲಿಸಿದರು.

ಮರುದಿನ ತುಪ್ಪದ ಡಬ್ಬಿ ಪರಿಚಯದವರ ಕೈಯಲ್ಲಿ ಬಸವನ ಬಾಗೇವಾಡಿಗೆ ಹೋಯಿತು. ಮನೆಯ ಬೋಗಾಣಿ, ಸೌಟು, ಚಹಾ ಸೋಸುವ ಜಾಳಿಗೆ ಎಲ್ಲವನ್ನೂ ಅಂಗಳಕ್ಕೆ ಎಳೆದು ತಿಕ್ಕಿ ತೊಳೆದರು. ಹಾಲಿನವನನ್ನು ಬಾಗಿಲಲ್ಲೇ ನಿಲ್ಲಿಸಿ, "ಇನ್ನ ಈ ಮನಿಗೆ ಬರಬ್ಯಾಡಪ್ಪ" ಎಂದರು. ಜೀವಮಾನವಿಡೀ ಹಾಲು ಮಾರಿದ ಹೆಂಗಸು ಒಬ್ಬ ಹಾಲಿನವನಿಗೆ ಆ ಮಾತು ಹೇಳುವುದನ್ನು ನಾನು ಹಾಸಿಗೆಯಿಂದ ಕೇಳಿಸಿಕೊಂಡೆ.

ಸಂಜೆ ರೋಜಾದ ಉಪವಾಸ ಬಿಟ್ಟ ಮೇಲೆ ಗಂಡ ಚಹಾ ಕೇಳಿದ. ಲಿಂಬೆ ಹಿಂಡಿದ ಕರಿ ಚಹಾ ಮುಂದೆ ಬಂತು.

"ನನಗ್ಯಾಕ ಇದು? ನನ್ನ ಹೊಟ್ಟಿ ಚಲೋ ಐತಲ್ಲ ಅವ್ವಾ."

"ಚಲೋ ಇದ್ರ ಇದನ್ನೂ ಅರಗಿಸತೈತಿ. ಹಾಲಿಂದು ಬೇಕಂದ್ರ ಹೊಟೇಲಿಗೆ ಹೋಗು. ಮನ್ಯಾಗ ಆಕಿಗೊಂದು ಬೋಗಾಣಿ, ನಿನಗೊಂದು ಬೋಗಾಣಿ ಅಂತ ಇಡಾಕ ಆಕಿ ಏನು ಬಾಡಿಗಿಗೆ ಇದ್ದಾಳೇನು?"

ನನಗಾಗಿ ಬೇರೆ ಅಡಿಗೆ ಮಾಡಿಕೊಂಡು, ಬೇರೆ ಪಾತ್ರೆಯಲ್ಲಿ ಮುಚ್ಚಿಟ್ಟುಕೊಂಡು, ಎಲ್ಲರದೂ ಆದ ಮೇಲೆ ಮೂಲೆಯಲ್ಲಿ ಉಣ್ಣುವುದು ನನಗೆ ರೂಢಿಯಾಗಿತ್ತು. ಅದು ಎಷ್ಟು ಭಾರವಾಗಿತ್ತು ಎಂಬುದು ಅವತ್ತು ಆ ಭಾರ ಇಳಿದಾಗಲೇ ಗೊತ್ತಾಯಿತು.

ಆಮೇಲೆ ಅತ್ತೆ ನನ್ನ ಅಡಿಗೆಮನೆಯಲ್ಲಿ ಕೂತು ನನ್ನನ್ನು ನೋಡತೊಡಗಿದರು. ನಾನು ಏನು ಎತ್ತಿದಾಗ ಹಲ್ಲು ಕಚ್ಚುತ್ತೇನೆ, ಯಾವಾಗ ಎಡಗೈಯಿಂದ ಬಲಗೈಗೆ ಆಸರೆ ಕೊಡುತ್ತೇನೆ, ಎಲ್ಲ. ನಾನು ನೋವನ್ನು ಅಡಗಿಸುವುದರಲ್ಲಿ ಪದವಿ ಪಡೆದವಳು. ಸಾಲಿಯಲ್ಲಿ ಯಾರಿಗೂ ಗೊತ್ತಾಗದಂತೆ ಪಾಠ ಮಾಡಿ ಬರುತ್ತಿದ್ದೆ. ಅವರ ಎದುರು ಅದು ನಡೆಯಲಿಲ್ಲ.

"ಉಳ್ಳಾಗಡ್ಡಿ ಹೆಚ್ಚೂ ಮುಂದ ಉಸಿರು ಬಿಗಿ ಹಿಡೀತಿ. ಯಾಕ ಹೆಚ್ಚತಿ?"

"ಹೆಚ್ಚಲಾರದ ಪಲ್ಲೆ ಹೆಂಗ ಆಗತೈತ್ರಿ ಅತ್ತಿ?"

"ಹೆಚ್ಚಲಾರದ ಪಲ್ಲೆ ಮಾಡು."

ನಾನು ಇಷ್ಟು ದಿನ ಹಳೆಯ ಅಡಿಗೆಯನ್ನೇ ಹೊಸ ಕೈಯಲ್ಲಿ ಮಾಡಲು ಹೆಣಗುತ್ತಿದ್ದೆ. ಅವರು ಅಡಿಗೆಯನ್ನೇ ಬದಲಿಸಿದರು. ಮಡಕಿಕಾಳು, ಹೆಸರುಕಾಳು ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಕುಕ್ಕರಿನಲ್ಲಿ ತಾವೇ ಬೇಯುತ್ತವೆ, ಮೇಲೆ ಒಂದು ಒಗ್ಗರಣೆ ಕೊಟ್ಟರೆ ಮುಗಿಯಿತು. ಪುಂಡಿ ಸೊಪ್ಪನ್ನು ಬಿಡಿಸಿ ತೊಳೆದು, ಒಂದು ಹಿಡಿ ತೊಗರಿಬ್ಯಾಳಿ, ಒಂದು ಹಿಡಿ ಜೋಳದ ನುಚ್ಚು, ಶೇಂಗಾ, ಇಡೀ ಹಸಿಮೆಣಸಿನಕಾಯಿ ಹಾಕಿ ಕುಕ್ಕರ್ ಮುಚ್ಚಿದರೆ ಆಯಿತು. ಬೆಂದ ಮೇಲೆ ಸೌಟಿನ ಬೆನ್ನಿನಿಂದ ಒತ್ತಿದರೆ ಮೆಣಸಿನಕಾಯಿಯೂ ಸೊಪ್ಪೂ ಒಂದಾಗುತ್ತವೆ. ಬಳ್ಳೊಳ್ಳಿಯನ್ನು ಸುಲಿಯದೆ ಜಜ್ಜಿ ಎಣ್ಣೆಯಲ್ಲಿ ಚಟಪಟ ಅನ್ನಿಸಿ ಸುರಿದರೆ ಆ ವಾಸನೆಗೆ ಓಣಿಯ ಬಾಗಿಲುಗಳು ತೆರೆಯುತ್ತಿದ್ದವು. ಹಿಂಡಿಗೆ ಮೊಸರಿನ ಬದಲು ಹಸಿ ಕುಸುಬಿ ಎಣ್ಣೆ. ಒಲೆಯ ಕಟ್ಟೆಯ ಮುಂದೆ ಎತ್ತರದ ಸ್ಟೂಲು ಬಂತು. ನಿಂತು ಅಡಿಗೆ ಮಾಡುವುದು ಅವತ್ತಿಗೆ ನಿಂತಿತು.

ಮಜ್ಜಿಗೆಯ ಜಾಗ ಮಾತ್ರ ಬಹಳ ದಿನ ಖಾಲಿ ಇತ್ತು. ನುಚ್ಚನ್ನು ಬರೀ ಸಾರಿನ ಸಂಗಡ ಉಂಡರೆ ಊಟ ಮುಗಿದಂತೆ ಅನಿಸುತ್ತಿರಲಿಲ್ಲ. ಒಂದು ದಿನ ಅತ್ತೆ ಹುರಿದ ಶೇಂಗಾವನ್ನು ಮಿಕ್ಸರಿನಲ್ಲಿ ನುಣ್ಣಗೆ ತಿರುವಿ, ತೆಳ್ಳಗೆ ನೀರು ಬೆರೆಸಿ, ಉಪ್ಪು ಹಾಕಿ, ನನ್ನ ತವರಿನಿಂದ ಬಂದ ಲಿಂಬೆಹಣ್ಣು ಹಿಂಡಿ, ಜೀರಿಗೆಯ ಒಗ್ಗರಣೆ ಕೊಟ್ಟರು.

"ಇದೇನ್ರಿ?"

"ಮಜ್ಜಿಗಿ ಅಲ್ಲ. ಮಜ್ಜಿಗಿ ತಂಗಿ."

ರೊಟ್ಟಿ ಬೇರೆಯದೇ ಕತೆ. ಜೋಳದ ರೊಟ್ಟಿ ಬಡಿಯುವಾಗ ಅಂಗೈಯಿಂದ ಮೊಣಕೈವರೆಗೆ ಪ್ರತಿ ಏಟೂ ಹೋಗಿ ಮುಟ್ಟುತ್ತದೆ. ಆದರೂ ನಾನು ಬಿಟ್ಟಿರಲಿಲ್ಲ. ಸೊಸೆ ಮನೆಯಲ್ಲಿದ್ದು ರೊಟ್ಟಿ ಕೊಂಡು ತಂದರೆ ಆ ಮನೆಯ ಮರ್ಯಾದೆ ಹೋಯಿತು ಎಂದೇ ಬೆಳೆದವಳು ನಾನು. ಡಿಗ್ರಿ ಅದನ್ನು ಅಳಿಸಿರಲಿಲ್ಲ. ಒಂದು ಮಧ್ಯಾಹ್ನ ನಾನು ಸಾಲಿಯಿಂದ ಬೇಗ ಬರುತ್ತಿದ್ದೆ. ಖಾನಾವಳಿಗೆ ರೊಟ್ಟಿ ಬಡಿದುಕೊಡುವ ಹೆಂಗಸಿನ ಮನೆ ನಮ್ಮ ಓಣಿಯ ಕೊನೆಯಲ್ಲಿದೆ. ಅಲ್ಲಿ ಕಟ್ಟೆಯ ಮೇಲೆ ಅತ್ತೆ ಕೂತಿದ್ದರು, ಮಡಿಲಲ್ಲಿ ಖಡಕ್ ರೊಟ್ಟಿಯ ದೊಡ್ಡ ಅಟ್ಟಿ. ಎದುರುಮನೆಯ ಮುದುಕಿ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು:

"ಏನಬೇ, ಸೊಸಿ ಇದ್ದೂ ರೊಟ್ಟಿ ಕೊಳ್ಳಾಕತ್ತೀಯಲ್ಲ?"

"ನನ್ನ ಸೊಸಿ ಹಲಗಿ ಮ್ಯಾಲ ಬರ್ಯಾಕ ಹೋಗ್ಯಾಳ. ನಿನ್ನ ಸೊಸಿ ಎಲ್ಲಿ ಹೋಗ್ಯಾಳ?"

"ನಮ್ಮಾಕಿ... ಒಳಗ ಮಲ್ಕೊಂಡಾಳ."

"ಹಂಗಾರ ನೀನೂ ನಾಕು ತಗೋ. ಎದ್ದ ಮ್ಯಾಲ ಹಸೀತಾಳ."

ರೊಟ್ಟಿ ಬಡಿಯುವ ಹೆಂಗಸು ನಗು ತಡೆಯಲಾರದೆ ಹಿಟ್ಟಿನ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಗೋಡೆಯ ಮರೆಯಲ್ಲಿ ನಿಂತೆ. ಎದುರು ಹೋದರೆ ಅತ್ತೆಗೆ ಮುಜುಗರ ಎಂದಲ್ಲ, ಅವರಿಗೆ ಮುಜುಗರ ಎಂಬುದೇ ಇಲ್ಲ. ನನ್ನ ಕಣ್ಣು ಒದ್ದೆಯಾಗಿತ್ತು, ಅದಕ್ಕೆ.

ಇದೆಲ್ಲವನ್ನೂ ಅವರು ರೋಜಾ ಇದ್ದುಕೊಂಡು ಮಾಡಿದರು ಎಂಬುದನ್ನು ಮರೆಯಬಾರದು. ಬಾಯಿಗೆ ನೀರಿನ ಹನಿ ಇಲ್ಲ, ಕೈಯಲ್ಲಿ ಹೊಸ ಹೊಸ ಅಡಿಗೆ, ಉಪ್ಪು ನೋಡಲು ಬರುವಂತಿಲ್ಲ. ಗುಳಿಗೆಯ ಕಾರಣಕ್ಕೆ ನನಗೆ ರೋಜಾ ಇರಲಿಲ್ಲ. ರೋಜಾ ಇದ್ದವರ ಎದುರು ಉಣ್ಣಲು ನನಗೆ ನಾಚಿಕೆ. ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದೆ. ಅತ್ತೆ ಬಾಗಿಲು ತೆರೆದರು.

"ಕಳ್ಳಿ ಹಂಗ ಯಾಕ ಉಣ್ತಿ? ಗುಳಿಗಿ ತಗೊಳ್ಳೋರಿಗೆ ಅಲ್ಲಾನ ರೋಜಾ ಮಾಫ್ ಮಾಡ್ಯಾನ, ಓಣ್ಯಾಗಿನ ಹೆಂಗಸರ ಪರವಾನಗಿ ಬೇಕೇನು? ಇಲ್ಲೆ ಕುಂತು ಉಣ್ಣು. ನನ್ನ ಮುಂದ."

ನಾನು ಉಣ್ಣುವುದು, ಅವರು ಎದುರು ಕೂತು ನನ್ನ ಮುಖ ನೋಡುವುದು. ಪರೀಕ್ಷೆ ಬರೆಯುವವರ ಮೇಲೆ ನಾನು ಕಣ್ಣಿಡುತ್ತೇನಲ್ಲ, ಹಾಗೆ.

"ಹೆಂಗೈತಿ?"

"ಚಲೋ ಆಗೇತ್ರಿ."

"ಸುಳ್ಳ ಹೇಳಬ್ಯಾಡ. ಈ ತಿಂಗಳ ನಾಲಿಗಿ ನಿಂದು, ನಂದಲ್ಲ. ನೀ ಸುಳ್ಳ ಹೇಳಿದ್ರ ಸಂಜಿಕ ಎಲ್ಲಾರೂ ಉಪ್ಪಿಲ್ಲದ್ದು ಉಣಬೇಕಾಗತೈತಿ."

"ಉಪ್ಪು ಸ್ವಲ್ಪ ಕಡಿಮಿ ಐತ್ರಿ."

"ಹಾಂ. ಈಗ ಮಾಸ್ತರತಿ ಆದಿ."

ದಿನಗಳು ಹೀಗೆ ಹೋಗುತ್ತಿದ್ದರೂ ನನ್ನ ಎದೆಯಲ್ಲಿ ಹಬ್ಬ ಕೂತಿತ್ತು. ಎಲ್ಲರೂ ಬಂದು ಕೂತು ತೀರ್ಮಾನ ಮಾಡುವ ದಿನ. ಅತ್ತೆ ಬಂದದ್ದೇ ನನ್ನನ್ನು ಮುದ್ದೇಬಿಹಾಳಕ್ಕೆ ಕರೆದೊಯ್ಯಲು. ಇಷ್ಟೆಲ್ಲ ಮಾಡುತ್ತಿರುವುದು ಅಲ್ಲಿಯ ತಯಾರಿಯೋ, ಇಲ್ಲಿ ಉಳಿಸುವ ತಯಾರಿಯೋ ಗೊತ್ತಾಗುತ್ತಿರಲಿಲ್ಲ. ಒಂದು ಸಂಜೆ ರೋಜಾ ಬಿಡುವ ಮುಂಚೆ ಖಜೂರಿ ತಟ್ಟೆ ಇಡುತ್ತ ಕೇಳಿಯೇ ಬಿಟ್ಟೆ.

"ಅತ್ತಿ, ಹಬ್ಬಕ್ಕ ಎಲ್ಲಾರೂ ಬಂದಾಗ ನನ್ನ ನೌಕರಿ ಮಾತು ಬರತೈತಿ. ನೀವು ಏನಂತೀರಿ?"

"ಈಗ ಬಾಯಾಗ ಉಗುಳಿಲ್ಲ, ಮಾತು ಎಲ್ಲಿಂದ ತರ್ಲಿ?"

ರೋಜಾ ಬಿಟ್ಟ ಮೇಲೂ ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಹಬ್ಬ ಹತ್ತಿರ ಬಂದಾಗ ಸುರಕುಂಬಾದ ಪ್ರಶ್ನೆ ಎದ್ದಿತು. ರಮಜಾನ್ ಹಬ್ಬದ ಬೆಳಿಗ್ಗೆ ಸುರಕುಂಬಾ ಇಲ್ಲದ ಮನೆ ಇಲ್ಲ. ಗಟ್ಟಿ ಹಾಲು, ತುಪ್ಪದಲ್ಲಿ ಹುರಿದ ಶಾವಿಗೆ, ಖಜೂರಿ, ಗೋಡಂಬಿ. ಅದರಲ್ಲಿ ಹಾಲೇ ಎಲ್ಲ. ಗಂಡ ದಾರಿ ತೋರಿಸಿದ: "ಬಂದವರಿಗೆ ಒಂದು ಪಾತೇಲಿ ಹಾಲಿಂದು ಮಾಡೂಣು. ಈಕಿಗೆ ಬ್ಯಾರೆ ಏನರ."

ಅತ್ತೆ ಅವನನ್ನು ನೋಡಿದ ರೀತಿಗೆ ಅವನು ಮೋಟಾರು ನೆನಪಾಯಿತೆಂದು ಅಂಗಡಿಗೆ ಹೋದ.

ಊರಿಂದ ಬರುವಾಗ ತಂದಿದ್ದ ಕುಸುಬಿಯನ್ನು ಅತ್ತೆ ಅವತ್ತು ನೆನೆಹಾಕಿದರು. ಕುಸುಬಿಯಿಂದ ಹಾಲು ತೆಗೆಯುವುದು ನಮ್ಮ ಸೀಮೆಗೆ ಹೊಸದಲ್ಲ. ಬೀಜ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಬೆಳ್ಳಗೆ ಹಾಲು ಬರುತ್ತದೆ. ಗೋಧಿ, ಬೆಲ್ಲ ಹಾಕಿ ಹುಗ್ಗಿ ಮಾಡುತ್ತಾರೆ. ಅತ್ತೆಯ ತವರು ನಾಲತವಾಡದ ಕಡೆ. ನೆರೆಮನೆಯವರ ಕುಸುಬಿ ಹುಗ್ಗಿ ಉಂಡು ಬೆಳೆದವರು. ಆದರೆ ಅದರಲ್ಲಿ ಸುರಕುಂಬಾ ಮಾಡಿದ್ದನ್ನು ಅವರೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ.

ಮೊದಲ ಸಲ ಅದು ಒ‍ಡೆಯಿತು. ಕಾಯುತ್ತಿದ್ದಂತೆ ಗಡ್ಡೆಗಡ್ಡೆಯಾಗಿ ನೀರು ಬೇರೆ, ಕುಸುಬಿ ಬೇರೆ. ಅದರಲ್ಲೇ ಶಾವಿಗೆ ತೇಲುತ್ತಿತ್ತು. ನಾನು ಒಂದು ಚಮಚ ಬಾಯಿಗಿಟ್ಟೆ.

"ಮಾರಿ ನೋಡಿದ್ರ ಗೊತ್ತಾತು, ಹೇಳಬ್ಯಾಡ" ಎಂದರು ಅತ್ತೆ.

ಎರಡನೆಯ ಸಲ ಒಂದಿಷ್ಟು ಅಕ್ಕಿಹಿಟ್ಟು ತಣ್ಣಗಿನ ಕುಸುಬಿ ಹಾಲಿನಲ್ಲೇ ಕಲಸಿ, ಸಣ್ಣ ಉರಿಯಲ್ಲಿಟ್ಟು ತಿರುವಿದರು. ಒಡೆಯಲಿಲ್ಲ. ಹಬ್ಬಕ್ಕೆ ಬೇಕಾದಷ್ಟು ಹಿಂಡುವ ಕೆಲಸ ಉಳಿದಿತ್ತು, ಅದು ನನ್ನ ಕೈಗೆ ಆಗದು, ಅಷ್ಟು ಮಂದಿಗೆ ಹಿಂಡಲು ಅವರ ಕೈಗೂ ಆಗದು. ಅದಕ್ಕೆ ದಾರಿ ಹೇಳಿದವಳು ನಾನು. ರುಬ್ಬಿದ್ದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ತೂತಿನ ಬುಟ್ಟಿಯಲ್ಲಿಟ್ಟು, ಮೇಲೆ ಕುಟ್ಟುವ ಕಲ್ಲು ಹೇರಿ ಹೊರಗೆ ಬಂದುಬಿಟ್ಟೆವು. ನಾವು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಹಾಲು ತಾನೇ ಇಳಿದಿತ್ತು. "ಇದಕ್ಕ ಅಂತಾರ ಓದಿದ್ದು" ಎಂದು ಅತ್ತೆ ಬೆನ್ನು ತಟ್ಟಿದರು. ನನ್ನ ಬಿ.ಎಸ್ಸಿ. ಸರ್ಟಿಫಿಕೇಟು ಕೈಗೆ ಬಂದ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ.

ಹಬ್ಬದ ದಿನ ಬಸವನ ಬಾಗೇವಾಡಿಯಿಂದ ನಣಂದಿಯ ಮನೆಯವರೆಲ್ಲ ಬಂದರು, ಮುದ್ದೇಬಿಹಾಳದಿಂದ ಮೈದುನನ ಕುಟುಂಬ ಬಂತು. ಗಂಡಸರು ನಮಾಜು ಮುಗಿಸಿ ಬಂದರು. ಅಪ್ಪಿಕೊಂಡದ್ದಾಯಿತು, ಅತ್ತರು ಹಚ್ಚಿದ್ದಾಯಿತು. ದೊಡ್ಡ ಪಾತೇಲಿಯಿಂದ ಬಟ್ಟಲು ತುಂಬಿ ತುಂಬಿ ಕೊಟ್ಟೆವು. ಯಾರಿಗೂ ಏನೂ ಹೇಳಲಿಲ್ಲ, ಯಾರನ್ನೂ ಮೋಸಗೊಳಿಸುವ ಇರಾದೆಯೂ ಇರಲಿಲ್ಲ. ನಣಂದಿ ಮೊದಲ ಚಮಚಕ್ಕೇ ನಿಂತಳು.

"ಇದೇನು? ಸುರಕುಂಬಾಕ್ಕ ಕುಸುಬಿ ವಾಸನಿ?"

"ಕುಸುಬಿ ಹಾಕಿದ್ರ ಕುಸುಬಿ ವಾಸನೀನ ಬರತೈತಿ" ಎಂದರು ಅತ್ತೆ.

"ಹಾಲು ಸಿಗಲಿಲ್ಲೇನು ಸಿಂದಗ್ಯಾಗ? ಹಬ್ಬದ ದಿನ ಎಮ್ಮಿ ಸಾಕಿದಾಕಿ ಮನ್ಯಾಗ ಹಾಲಿಲ್ಲದ ಸುರಕುಂಬಾ! ಯಾರರ ಕೇಳಿದ್ರ ನಗ್ತಾರವ್ವ."

"ನಗ್ಲಿ. ಹಬ್ಬ ಅಲ್ಲೇನು? ಆಕಿ ಉಣಲಾರದ್ದು ಈ ಮನ್ಯಾಗ ಆಗೂದಿಲ್ಲ. ನಿನಗ ಸೇರಲಿಲ್ಲಂದ್ರ ಕೆಳಗ ಇಡು, ನಿನ್ನ ಗಂಡ ಎರಡನೇ ಬಟ್ಟಲ ಉಣ್ಣಾಕತ್ತಾನ ನೋಡು."

ನಿಜಕ್ಕೂ ಅವನು ಎರಡನೆಯ ಬಟ್ಟಲಿನಲ್ಲಿದ್ದ. ಸಿಕ್ಕಿಬಿದ್ದವನ ಹಾಗೆ ಚಮಚ ಎತ್ತಿ ಹಿಡಿದು, "ಖಜೂರಿ ಚಲೋ ಅದಾವು" ಎಂದ. ಎಲ್ಲರೂ ನಕ್ಕರು. ನಾನೂ ಒಂದು ಬಟ್ಟಲು ತೆಗೆದುಕೊಂಡು ಅವರ ನಡುವೆಯೇ ಕೂತೆ. ಹಾಲು ಬಿಟ್ಟ ಮೇಲೆ ಹಬ್ಬದ ಬೆಳಿಗ್ಗೆ ಎಲ್ಲರ ಸಂಗಡ ಅದೇ ಬಟ್ಟಲು ಹಿಡಿದದ್ದು ಅದೇ ಮೊದಲು. ಹಾಲಿನ ಸುರಕುಂಬಾದ ರುಚಿ ಅದಕ್ಕಿರಲಿಲ್ಲ, ಸುಳ್ಳು ಹೇಳುವುದಿಲ್ಲ. ಎಣ್ಣೆಕಾಳಿನ ಘಮ, ನಾಲಿಗೆಯ ತುದಿಯಲ್ಲಿ ತುಸು ಒಗರು, ಆಮೇಲೆ ಬೆಲ್ಲ. ಅದು ಬೇರೆಯೇ ಒಂದು ರುಚಿ, ಅದಕ್ಕೆ ತನ್ನದೇ ಮರ್ಯಾದೆ ಇತ್ತು.

ಊಟವಾದ ಮೇಲೆ ನಣಂದಿ ಸೆರಗು ಸರಿಮಾಡಿಕೊಂಡು ಕೂತಳು.

"ಅವ್ವಾ, ಒಂದು ತಿಂಗಳು ಇಲ್ಲೆ ಇದ್ದಿ. ಎಲ್ಲಾ ನೋಡೀದಿ. ಹೇಳು ಈಗ, ಈಕಿ ನೌಕರಿ ಏನು ಮಾಡೂಣು?"

ಅತ್ತೆ ಎಲೆ ಅಡಿಕೆಯ ಡಬ್ಬಿ ತೆರೆಯುತ್ತ, ತಲೆ ಎತ್ತದೆ ಹೇಳಿದರು:

"ನನ್ನ ಯಾಕ ಕೇಳ್ತಿ? ನೌಕರಿ ನಂದೇನು? ಆಕಿ ಅಲ್ಲೇ ಕುಂತಾಳ, ಆಕಿನ್ನ ಕೇಳು."

ಬಾಗೇವಾಡಿಯ ಒಳಕೋಣೆಯಲ್ಲಿ ನಣಂದಿ ನನ್ನ ಬಗ್ಗೆ ತಾನೇ ಎಲ್ಲ ಹೇಳಿದ್ದಳು, ನಿನಗೇನು ಬೇಕು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಬಾಯಿ ಬಿಟ್ಟು ಹೇಳಿರಲಿಲ್ಲ. ಈಗ ಎಲ್ಲರ ಕಣ್ಣು ನನ್ನ ಕಡೆ ತಿರುಗಿದವು. ಈ ಸಲ ಕೈ ನೋಡಲಿಲ್ಲ, ಮುಖ ನೋಡಿದರು.

"ನಾ ನೌಕರಿ ಬಿಡಂಗಿಲ್ರಿ ಆಪಾ" ಎಂದೆ. "ಬ್ಯಾನಿ ಮುದ್ದೇಬಿಹಾಳಕ್ಕ ಹೋದ್ರೂ ನನ್ನ ಸಂಗಾಟ ಬರತೈತಿ. ಅಲ್ಲೆ ಕೈ ಮಡಚಿ ಕುಂತ್ರೂ ಇರತೈತಿ. ಇಲ್ಲೆ ಪಾಠ ಮಾಡೂ ಮುಂದ ಒಂದು ತಾಸು ಮರೀತೇನಿ. ಕೈ ಕೆಟ್ಟ ದಿನ ಕೊಂಡ ರೊಟ್ಟಿ ಉಣ್ತೇವಿ, ನುಚ್ಚು ಉಣ್ತೇವಿ. ನಮ್ಮ ಅಪ್ಪ ಧೂಳಾಗ ಕೆಮ್ಮಿ ಕೆಮ್ಮಿ ನನ್ನ ಕಲಿಸ್ಯಾನ್ರಿ. ನನಗ ಎದ್ದು ನಡ್ಯಾಕ ಆಗೂತನಕ ನಾ ಸಾಲಿಗೆ ಹೋಗಾಕೀನ."

ಅತ್ತೆ ಎಲೆಗೆ ಸುಣ್ಣ ಹಚ್ಚಿ ಮಡಚಿದರು.

"ನಾ ಬಂದಿದ್ದು ಆಕಿನ್ನ ಕರ್ಕೊಂಡು ಹೋಗಾಕ, ಹೌದು" ಎಂದರು. "ಬಂದು ನೋಡಿದೆ. ಸಾಲಿಗೆ ಹೋಗೂ ದಿನ ಈಕಿ ಕುಂಟಕೋತ ಹೋಗಿ ನಕ್ಕೋತ ಬರ್ತಾಳ. ರಜಾ ಹಾಕಿ ಮಲಗಿದ ದಿನ ನನ್ನ ಮಗಾ ಆಕಿ ಮಾರಿ ನೋಡಾಕ ಆಗಲಾರದ ಅಂಗಡಿಗೆ ಓಡಿಹೋಗಿದ್ದ. ಅಡಗಿ ಸಾಲಿ ಹೊತ್ತಿಗೆ ಹೊಂದಕೊಳ್ಳತೈತಿ. ಸಾಲಿ ಅಡಗಿಗೆ ಹೊಂದಕೊಳ್ಳೂದಿಲ್ಲ. ಆತಿಲ್ಲ?"

ನಣಂದಿ ತಾಯಿಯ ಕಡೆ ತಿರುಗಿ, "ಮತ್ತ ನಾ ಒಬ್ಬಾಕೀನ ಕೆಟ್ಟಾಕಿ ಆದೆನಲ್ಲ" ಎಂದಳು.

"ನೀ ಕೆಟ್ಟಾಕಿ ಅಲ್ಲ. ನಿನ್ನ ಬಾಯಿ ಅಷ್ಟ."

ಮರುದಿನ ಅತ್ತೆ ನಣಂದಿಯ ಸಂಗಡ ಹೊರಟುಹೋದರು. ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ತಲೆ ಮೇಲೆ ಕೈಯಿಡಲಿಲ್ಲ, ಕಣ್ಣೀರು ಹಾಕಲಿಲ್ಲ. ಕಿಟಕಿಯಿಂದ, "ಗುಳಿಗಿ ತಪ್ಪಸಬ್ಯಾಡ" ಎಂದಷ್ಟೇ ಕೂಗಿದರು. ಬಸ್ಸಿನ ತುಂಬ ಜನ ತಿರುಗಿ ನನ್ನನ್ನು ನೋಡಿದರು.

ಹಬ್ಬದ ರಜೆ ಮುಗಿದು ಸಾಲಿ ತೆರೆದ ದಿನ ನನ್ನ ಬೆರಳು ಸುಮಾರು ಹೊತ್ತಾದರೂ ಮಡಚಲಿಲ್ಲ. ಬಿಸಿನೀರೂ ಅವತ್ತು ಕೆಲಸ ಮಾಡಲಿಲ್ಲ. ಇಂಥ ದಿನ ಮುಂಚೆ ನಾನು ರಜೆ ಹಾಕುತ್ತಿದ್ದೆ. ಅವತ್ತು ಹೋದೆ. ಹತ್ತನೆಯ ತರಗತಿಗೆ ವರ್ಗ ಸಮೀಕರಣ. ಸೀಮೆಸುಣ್ಣ ಬೆರಳ ತುದಿಯಲ್ಲಿ ನಿಲ್ಲಲಿಲ್ಲ, ಸೌಟು ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದು, ಭುಜದಿಂದ ಬರೆದೆ. ಅಕ್ಷರಗಳು ದೊಡ್ಡ ದೊಡ್ಡವಾಗಿ ಬಂದವು, ಒಂದು ಸಾಲಿಗೇ ಅರ್ಧ ಹಲಗೆ ತುಂಬಿತು. ಮಕ್ಕಳು ಏನಂದುಕೊಳ್ಳುತ್ತಾರೋ ಎಂದು ತಿರುಗಿ ನೋಡಿದೆ.

ಕೊನೆಯ ಬೆಂಚಿನ ಹುಡುಗಿಯೊಬ್ಬಳು ಕತ್ತು ಉದ್ದ ಮಾಡದೆ, ಆರಾಮಾಗಿ ಕೂತು ಬರೆದುಕೊಳ್ಳುತ್ತಿದ್ದಳು. "ಅಕ್ಕೋರ, ಇವತ್ತ ಚಲೋ ಕಾಣಸಾಕತ್ತೈತ್ರಿ" ಎಂದಳು.

ಹಲಗೆ ಒರೆಸಿ ಮುಂದಿನ ಸಾಲು ಬರೆದೆ.